ಹೊರದೇಶದ ಬ್ರಿಟಿಷರ ಅಸಮಾಧಾನ: ಪಿಂಚಣಿ, ಮತ ಮತ್ತು ತೊಂಬತ್ತು ದಿನಗಳ ಲೆಕ್ಕ

ನಯಾಗರಾ ನದಿಯ ಪೂರ್ವದ ದಡ ಅಮೆರಿಕಕ್ಕೆ ಸೇರಿದ್ದು, ಪಶ್ಚಿಮದ ದಡ ಕೆನಡಾಕ್ಕೆ. ಬ್ರಿಟನ್ನಿನ ಒಂದೇ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದ ಇಬ್ಬರು ಗೆಳೆಯರು 2000ದಲ್ಲಿ ನಿವೃತ್ತರಾದರು, ಮಕ್ಕಳ ಹತ್ತಿರ ಇರಲೆಂದು ಒಬ್ಬರು ಈ ದಡಕ್ಕೂ ಇನ್ನೊಬ್ಬರು ಆ ದಡಕ್ಕೂ ಹೋಗಿ ನೆಲೆಸಿದರು ಎಂದುಕೊಳ್ಳಿ. ಆಗ ಇಬ್ಬರಿಗೂ ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಮೂಲ ಪಿಂಚಣಿ ವಾರಕ್ಕೆ 67.50 ಪೌಂಡ್. ಅಮೆರಿಕದ ದಡದಲ್ಲಿರುವವರಿಗೆ 2025ರ ಏಪ್ರಿಲ್‌ನಿಂದ ಸಿಕ್ಕಿದ್ದು ವಾರಕ್ಕೆ 176.45 ಪೌಂಡ್. ಕೆನಡಾದ ದಡದಲ್ಲಿರುವವರಿಗೆ ಆಗಲೂ 67.50 ಪೌಂಡ್. ವರ್ಷದ ವ್ಯತ್ಯಾಸ 5,600 ಪೌಂಡ್‌ಗಿಂತ ಹೆಚ್ಚು. ಇಬ್ಬರೂ ಬ್ರಿಟಿಷ್ ಪ್ರಜೆಗಳು, ಇಬ್ಬರೂ ಕಟ್ಟಿದ ವಂತಿಗೆ ಒಂದೇ.

ಬ್ರಿಟನ್ ಬಿಟ್ಟು ಬೇರೆ ದೇಶಗಳಲ್ಲಿ ನೆಲೆಸಿರುವ ಬ್ರಿಟಿಷರು ತಮ್ಮ ದೇಶದ ರಾಜಕೀಯದ ಬಗ್ಗೆ ಬಹಳ ಮಾತನಾಡುತ್ತಾರೆ. ದೂರದಿಂದ ನೋಡುವವರಿಗೆ ಅದು ಊರು ಬಿಟ್ಟವರ ಹಳಹಳಿಕೆಯಂತೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಉಳಿದವರಂತೂ ಬಿಸಿಲು ಹುಡುಕಿಕೊಂಡು ಹೋದವರಿಗೆ ಇಲ್ಲಿನ ಚಿಂತೆ ಏಕೆ ಎಂದು ಕೇಳುವುದುಂಟು. ಈ ಕೇಳ್ವಿಕೆ ಅನ್ಯಾಯದ್ದು ಎಂದೇ ನನ್ನ ಭಾವನೆ. ಹೊರಗಿನ ಬ್ರಿಟಿಷರ ಅಭಿಪ್ರಾಯಗಳ ಹಿಂದೆ ಬಹುಪಾಲು ಒಂದು ನಿರ್ದಿಷ್ಟ ನಿಯಮ ಇರುತ್ತದೆ: ಪಿಂಚಣಿಯದು, ಮತದ್ದು, ವಾಸದ ದಿನಗಳದು, ಆಸ್ಪತ್ರೆಯ ಖರ್ಚಿನದು. ಯಾರ ಮೇಲೆ ಯಾವ ನಿಯಮ ಬಿದ್ದಿದೆ ಎಂದು ತಿಳಿದರೆ, ಆಸ್ಟ್ರೇಲಿಯಾದಲ್ಲಿರುವ ಬ್ರಿಟಿಷರು ಒಂದು ವಿಷಯಕ್ಕೂ ಸ್ಪೇನಿನಲ್ಲಿರುವವರು ಮತ್ತೊಂದು ವಿಷಯಕ್ಕೂ ಸಿಡಿಮಿಡಿಗೊಳ್ಳುವುದು ಏಕೆಂದು ಅರ್ಥವಾಗುತ್ತದೆ.

ಎಲ್ಲಕ್ಕಿಂತ ಹಳೆಯ ಗಾಯ ಪಿಂಚಣಿಯದು. ಅದನ್ನೇ ಮೊದಲು ಬಿಡಿಸಿ ನೋಡೋಣ.

ಬ್ರಿಟನ್ನಿನಲ್ಲಿ ದುಡಿಯುವವರು ‘ನ್ಯಾಷನಲ್ ಇನ್ಶೂರೆನ್ಸ್’ ಎಂಬ ವಂತಿಗೆ ಕಟ್ಟುತ್ತಾರೆ. 2016ರ ಏಪ್ರಿಲ್‌ನಲ್ಲಿ ಬಂದ ಹೊಸ ಪಿಂಚಣಿ ವ್ಯವಸ್ಥೆಯಲ್ಲಿ ಏನಾದರೂ ಸಿಗಬೇಕಾದರೆ ಸಾಮಾನ್ಯವಾಗಿ ಕನಿಷ್ಠ 10 ವರ್ಷಗಳ ವಂತಿಗೆ ಇರಬೇಕು, ಪೂರ್ಣ ಮೊತ್ತಕ್ಕೆ 35 ವರ್ಷ. ಈ ಹಣ ಕಟ್ಟಿದವರ ಹೆಸರಿನಲ್ಲಿ ಠೇವಣಿಯಾಗಿ ಕೂಡುವುದಿಲ್ಲ. ಇಂದು ದುಡಿಯುತ್ತಿರುವವರ ವಂತಿಗೆಯಿಂದ ಇಂದಿನ ವೃದ್ಧರಿಗೆ ಪಿಂಚಣಿ ಹೋಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಪಿಂಚಣಿ ಏರುತ್ತದೆ. 2011ರಿಂದ ಈಚೆಗೆ ಅದಕ್ಕೊಂದು ಸೂತ್ರವಿದೆ: ಬೆಲೆಯೇರಿಕೆ, ಸರಾಸರಿ ಸಂಬಳದ ಏರಿಕೆ, ಶೇ 2.5, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು. ಇದನ್ನು ಅಲ್ಲಿನವರು ‘ಟ್ರಿಪಲ್ ಲಾಕ್’ ಎನ್ನುತ್ತಾರೆ. ಚುನಾವಣೆಯ ಹೊತ್ತಿಗೆ ಯಾವ ದೊಡ್ಡ ಪಕ್ಷವೂ ಅದನ್ನು ಮುಟ್ಟಲು ಧೈರ್ಯ ಮಾಡುವುದಿಲ್ಲ.

ಹೊರದೇಶಕ್ಕೆ ಹೋದವರಿಗೂ ಪಿಂಚಣಿ ಬರುತ್ತದೆ. ಆದರೆ ವರ್ಷವರ್ಷದ ಏರಿಕೆ ಕೆಲವು ದೇಶಗಳಲ್ಲಿರುವವರಿಗೆ ಮಾತ್ರ. ಐರೋಪ್ಯ ಒಕ್ಕೂಟದ ದೇಶಗಳು, ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್‌ಲೆಂಡ್ ಈ ಪಟ್ಟಿಯಲ್ಲಿವೆ. ಅವುಗಳ ಜೊತೆಗೆ ಬ್ರಿಟನ್ ಹಿಂದೆ ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡ ಅಮೆರಿಕ, ಇಸ್ರೇಲ್, ಟರ್ಕಿ, ಫಿಲಿಪ್ಪೀನ್ಸ್, ಜಮೈಕಾ, ಬಾರ್ಬಡೋಸ್, ಮಾರಿಷಸ್‌ನಂಥ ದೇಶಗಳಿವೆ. ಉಳಿದ ಕಡೆ ನಿವೃತ್ತಿಯ ದಿನ, ಅಥವಾ ಪಿಂಚಣಿ ಪಡೆಯುತ್ತಿದ್ದವರು ಬ್ರಿಟನ್ ಬಿಟ್ಟ ದಿನ, ಎಷ್ಟು ಸಿಗುತ್ತಿತ್ತೋ ಸಾಯುವವರೆಗೂ ಅಷ್ಟೇ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್, ಪಾಕಿಸ್ತಾನ, ಸಂಯುಕ್ತ ಅರಬ್ ಎಮಿರೇಟ್ಸ್, ಭಾರತ ಎಲ್ಲವೂ ಈ ಎರಡನೆಯ ಗುಂಪಿನವು. ನಮ್ಮಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದವರಿಗೆ ತುಟ್ಟಿಭತ್ಯೆಯನ್ನು ಒಂದು ದಿನ ನಿಲ್ಲಿಸಿ, ಇನ್ನು ಮುಂದೆ ಎಂದೆಂದಿಗೂ ಇಲ್ಲ ಎಂದರೆ ಹೇಗಾದೀತೋ ಹಾಗೆ. ಹೊರಗೆ ನೆಲೆಸಿರುವ ಹತ್ತು ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಪಿಂಚಣಿದಾರರಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನರ ಪಿಂಚಣಿ ಹೀಗೆ ಹೆಪ್ಪುಗಟ್ಟಿದೆ. ಅವರಲ್ಲಿ ಬಹುತೇಕರು ಇರುವುದು ಕಾಮನ್‌ವೆಲ್ತ್ ದೇಶಗಳಲ್ಲಿ.

ಈ ಪಟ್ಟಿಯಲ್ಲಿ ತರ್ಕ ಹುಡುಕಿದರೆ ನಿರಾಶೆಯೇ ಗತಿ. 1982ರಲ್ಲಿ ಬ್ರಿಟನ್ ಯುದ್ಧ ಮಾಡಿ ಉಳಿಸಿಕೊಂಡ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಪಿಂಚಣಿ ಏರುವುದಿಲ್ಲ, ಜಿಬ್ರಾಲ್ಟರ್‌ನಲ್ಲಿ ಏರುತ್ತದೆ. ಎರಡರ ಮೇಲೂ ಹಾರುವುದು ಬ್ರಿಟನ್ನಿನ ಬಾವುಟವೇ. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಏರುವುದಿಲ್ಲ, ಪಕ್ಕದಲ್ಲೇ ಇರುವ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಏರುತ್ತದೆ. ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೂ ಅಲ್ಲಿನ ಪಿಂಚಣಿದಾರರ ಏರಿಕೆಯನ್ನು ಬ್ರಿಟನ್ ಉಳಿಸಿಕೊಂಡಿತು. ಎರಡು ಮಹಾಯುದ್ಧಗಳಲ್ಲಿ ಜೊತೆಗೆ ನಿಂತ ಕೆನಡಾಕ್ಕೆ ಆ ಸೌಜನ್ಯ ಸಿಕ್ಕಿಲ್ಲ. ಕೆನಡಾ ತನ್ನ ಪಿಂಚಣಿದಾರರು ಬ್ರಿಟನ್ನಿನಲ್ಲಿ ನೆಲೆಸಿದರೂ ಅವರಿಗೆ ಏರಿಕೆ ಕೊಡುತ್ತಲೇ ಬಂದಿದೆ, ಬ್ರಿಟನ್ ಕೂಡ ಹಾಗೆ ಮಾಡಲೆಂದು ಮತ್ತೆ ಮತ್ತೆ ಕೇಳಿದೆ. ಆಸ್ಟ್ರೇಲಿಯಾ ಇದೇ ಕಾರಣಕ್ಕೆ ಬೇಸತ್ತು ಬ್ರಿಟನ್ನಿನ ಜೊತೆಗಿದ್ದ ಸಾಮಾಜಿಕ ಭದ್ರತೆಯ ಒಪ್ಪಂದವನ್ನೇ 2001ರಲ್ಲಿ ಮುರಿದುಕೊಂಡಿತು. ಬಡ ವೃದ್ಧ ಬ್ರಿಟಿಷರ ಪಿಂಚಣಿ ಕರಗಿದಷ್ಟೂ ಅವರಿಗೆ ಆಸರೆ ಕೊಡುವ ಹೊರೆ ಆಸ್ಟ್ರೇಲಿಯಾದ ತೆರಿಗೆದಾರರ ಮೇಲೆ ಬೀಳುತ್ತದೆ ಎಂಬುದು ಅದರ ದೂರು.

ನ್ಯಾಯಾಲಯದ ದಾರಿಯೂ ಮುಗಿದಿದೆ. ಆನೆಟ್ ಕಾರ್ಸನ್ ಎಂಬ ಮಹಿಳೆ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದರು. 2000ದಲ್ಲಿ ಪಿಂಚಣಿ ಶುರುವಾದಾಗ ಅವರಿಗೆ ಸಿಕ್ಕಿದ್ದು ಅದೇ 67.50 ಪೌಂಡ್. ಅವರು ಹೂಡಿದ ಮೊಕದ್ದಮೆ 2005ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತಿತು. ಬಳಿಕ ಇತರರೊಂದಿಗೆ ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2010ರ ಮಾರ್ಚ್‌ನಲ್ಲಿ ಅಲ್ಲಿನ ಹಿರಿಯ ಪೀಠ 11–6ರ ಬಹುಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ತೀರ್ಪಿನ ತಿರುಳು ಇಷ್ಟು: ಪಿಂಚಣಿ ಏರಿಸುವುದು ಬ್ರಿಟನ್ನಿನೊಳಗಿನ ಬೆಲೆ, ಸಂಬಳಗಳಿಗೆ ಹೊಂದಿಸಲು, ವಂತಿಗೆಯ ಹಣ ದೇಶದ ಸಾಮಾನ್ಯ ಆದಾಯದಂತೆಯೇ ಬಳಕೆಯಾಗುತ್ತದೆ, ಹೀಗಾಗಿ ಹೊರಗೆ ನೆಲೆಸಿದವರನ್ನು ಒಳಗಿರುವವರಿಗೆ ಹೋಲಿಸಲು ಬರುವುದಿಲ್ಲ. ಕಾನೂನಿನ ದೃಷ್ಟಿಯಿಂದ ಈ ವಾದಕ್ಕೆ ತೂಕವಿದೆ. ಆದರೆ ಒಳಗಿನ ಬೆಲೆಗಳಷ್ಟೇ ಮುಖ್ಯವಾದರೆ ಅಮೆರಿಕದಲ್ಲಿರುವವರಿಗೆ ಏಕೆ ಏರಿಸುತ್ತೀರಿ ಎಂದು ಕೆನಡಾದ ವೃದ್ಧರು ಕೇಳಿದರೆ ಅದಕ್ಕೆ ಸಿಗುವ ಉತ್ತರ ಒಂದೇ: ಅಮೆರಿಕದ ಜೊತೆ ಒಪ್ಪಂದವಾಗಿತ್ತು, ಹೊಸ ಒಪ್ಪಂದ ಮಾಡಿಕೊಳ್ಳಲು ಹಣ ಬೇಕು. ಸರ್ಕಾರ ಯಾವ ಪಕ್ಷದ್ದಾದರೂ ದಶಕಗಳಿಂದ ಇದೇ ಉತ್ತರ.

ಭಾರತ ಪಿಂಚಣಿ ಏರದ ದೇಶಗಳ ಗುಂಪಿನಲ್ಲಿರುವುದರಿಂದ ನಮಗೂ ಇದು ಸಂಬಂಧಿಸಿದ ಮಾತು. ಬ್ರಿಟಿಷ್ ಪಿಂಚಣಿಗೆ ಪೌರತ್ವದ ಷರತ್ತಿಲ್ಲ, ವಂತಿಗೆ ಕಟ್ಟಿದ ವರ್ಷಗಳೇ ಆಧಾರ. ಅಲ್ಲಿನ ಆಸ್ಪತ್ರೆಗಳಲ್ಲಿ, ಕಂಪನಿಗಳಲ್ಲಿ ಹತ್ತಾರು ವರ್ಷ ದುಡಿದು ಮೈಸೂರಿಗೋ ಮಂಗಳೂರಿಗೋ ಮರಳುವ ಕನ್ನಡಿಗರ ಸರ್ಕಾರಿ ಪಿಂಚಣಿಯೂ ಹೀಗೆಯೇ ನಿಂತ ನೀರಾಗುತ್ತದೆ. ಒಂದು ಸಮಾಧಾನ ಉಂಟು: ಈ ನಿಯಮ ಅನ್ವಯಿಸುವುದು ಸರ್ಕಾರದ ಸಾರ್ವತ್ರಿಕ ಪಿಂಚಣಿಗೆ ಮಾತ್ರ. ವೈದ್ಯರು, ದಾದಿಯರು ರಾಷ್ಟ್ರೀಯ ಆರೋಗ್ಯ ಸೇವೆಯಿಂದ ಪಡೆಯುವ ನೌಕರಿಯ ಪಿಂಚಣಿ ಬೇರೆಯದು, ಅವರು ಯಾವ ದೇಶದಲ್ಲಿದ್ದರೂ ಅದು ಏರುತ್ತದೆ. 2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದಾಗ ಸಾಮಾಜಿಕ ಭದ್ರತೆಯ ಮಾತೂ ಬಂದಿತ್ತು. ಅದನ್ನು ಓದಿ ಪಿಂಚಣಿಯ ಸಮಸ್ಯೆ ಬಗೆಹರಿಯಿತೆಂದು ತಿಳಿಯಬಾರದು. ಆ ಏರ್ಪಾಟು ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗುವವರು ಎರಡೂ ದೇಶಗಳಲ್ಲಿ ವಂತಿಗೆ ಕಟ್ಟುವುದನ್ನು ತಪ್ಪಿಸಲು ಮಾಡಿದ್ದು. ಪಿಂಚಣಿಯ ಏರಿಕೆ ಅದರಲ್ಲಿ ಇಲ್ಲ.

ಇಷ್ಟು ದೊಡ್ಡ ಅನ್ಯಾಯ ಇಷ್ಟು ಕಾಲ ಉಳಿದದ್ದು ಹೇಗೆ? ಇದಕ್ಕೆ ನನಗೆ ಕಾಣುವ ಕಾರಣ ಎರಡನೆಯ ನಿಯಮದಲ್ಲಿದೆ: ಮತ.

1985ರವರೆಗೆ ಹೊರದೇಶದಲ್ಲಿ ನೆಲೆಸಿದ ಸಾಮಾನ್ಯ ಬ್ರಿಟಿಷರಿಗೆ ಸಂಸತ್ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಆ ವರ್ಷದ ಕಾನೂನು ದೇಶ ಬಿಟ್ಟು 5 ವರ್ಷ ಆಗುವವರೆಗೆ ಮತ ಕೊಟ್ಟಿತು. 1989ರಲ್ಲಿ ಅದು 20 ವರ್ಷವಾಯಿತು. 2000ದ ಕಾನೂನು ಅದನ್ನು 15ಕ್ಕೆ ಇಳಿಸಿತು. ಈ ಅಂಕಿಗಳಲ್ಲಿ ಯಾವುದಕ್ಕೂ ತಾತ್ವಿಕ ಆಧಾರವಿರಲಿಲ್ಲ, ಪಕ್ಷಗಳ ನಡುವಿನ ಚೌಕಾಸಿಯಿಂದ ಹುಟ್ಟಿದವು. 2016ರ ಜೂನ್ 23ರಂದು ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆ ಬೇಡವೇ ಎಂಬ ಜನಮತಗಣನೆ ನಡೆದಾಗ ಈ 15 ವರ್ಷಗಳ ಗೆರೆ ಎಷ್ಟು ಹರಿತ ಎಂಬುದು ಗೊತ್ತಾಯಿತು. ಫಲಿತಾಂಶದಿಂದ ಎಲ್ಲರಿಗಿಂತ ಹೆಚ್ಚು ಬಾಧಿತರಾಗುವವರು ಯುರೋಪಿನಲ್ಲಿ ಬಹುಕಾಲದಿಂದ ನೆಲೆಸಿದ್ದ ಬ್ರಿಟಿಷರು. ಅವರಿಗೇ ಮತವಿರಲಿಲ್ಲ. ಶೇ 51.9ರಷ್ಟು ಜನ ಹೊರಬರೋಣ ಎಂದರು, ಶೇ 48.1ರಷ್ಟು ಉಳಿಯೋಣ ಎಂದರು. ಅಂತರ ಸುಮಾರು 12.7 ಲಕ್ಷ ಮತ. ಮತ ಹಾಕಲು ಅವಕಾಶವಿದ್ದ ಜಿಬ್ರಾಲ್ಟರ್‌ನ ಬ್ರಿಟಿಷರು ಶೇ 95.9ರಷ್ಟು ಉಳಿಯುವ ಪರ ನಿಂತರು. ಗಡಿಯ ಆಚೆ ಸ್ಪೇನ್ ಕಣ್ಣಿಗೆ ಕಾಣುವಾಗ ಬೇರೆ ತೀರ್ಮಾನ ಹೇಗೆ ಬಂದೀತು?

ಹ್ಯಾರಿ ಶಿಂಡ್ಲರ್ ಅವರ ಹೆಸರನ್ನು ಇಲ್ಲಿ ನೆನೆಯಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೋದಲ್ಲಿ ಹೋರಾಡಿದ ಸೈನಿಕ. ಮುಂದೆ 1982ರಲ್ಲಿ ಇಟಲಿಗೇ ಹೋಗಿ ನೆಲೆಸಿದರು. ಸರ್ವಾಧಿಕಾರದ ವಿರುದ್ಧ ಬಂದೂಕು ಹಿಡಿದವರಿಗೆ ಸ್ವಂತ ದೇಶದ ಚುನಾವಣೆಯಲ್ಲಿ ಮತವಿಲ್ಲ ಎಂಬುದನ್ನು ಅವರು ಒಪ್ಪಲಿಲ್ಲ. ಸ್ಟ್ರಾಸ್‌ಬರ್ಗ್‌ಗೆ ಹೋದರು, 2013ರಲ್ಲಿ ಸೋತರು. 2016ರಲ್ಲಿ ಜನಮತಗಣನೆಗೆ ಮುನ್ನ ಲಂಡನ್ನಿನ ನ್ಯಾಯಾಲಯಕ್ಕೆ ಹೋದರು, ಅಲ್ಲಿಯೂ ಸೋತರು. ಸಂಸದರ ಬೆನ್ನು ಬಿಡಲಿಲ್ಲ. 2022ರ ಚುನಾವಣಾ ಕಾನೂನು ಕೊನೆಗೂ 15 ವರ್ಷಗಳ ಮಿತಿಯನ್ನು ರದ್ದುಮಾಡಿತು. ಅದು ಜಾರಿಗೆ ಬಂದದ್ದು 2024ರ ಜನವರಿ 16ರಂದು. ಶಿಂಡ್ಲರ್ 2023ರ ಫೆಬ್ರುವರಿಯಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಹಕ್ಕು ಬಂದರೂ ಮತಪೆಟ್ಟಿಗೆ ದೂರವೇ ಉಳಿಯಿತು. ಮಿತಿ ರದ್ದಾದ ಮೇಲೆ ಮತ ಹಾಕಬಲ್ಲ ಹೊರಗಿನ ಬ್ರಿಟಿಷರ ಸಂಖ್ಯೆ ಮೂವತ್ತು ಲಕ್ಷ ದಾಟುತ್ತದೆಂದು ಸರ್ಕಾರವೇ ಅಂದಾಜಿಸಿತ್ತು. 2024ರ ಜುಲೈ 4ರ ಚುನಾವಣೆಗೆ ನೋಂದಾಯಿಸಿಕೊಂಡವರು ಎರಡು ಲಕ್ಷವನ್ನೂ ಮುಟ್ಟಲಿಲ್ಲ. ನೋಂದಾಯಿಸಿಕೊಂಡವರಲ್ಲಿ ಅನೇಕರ ಅಂಚೆ ಮತಪತ್ರ ತಡವಾಗಿ ತಲುಪಿತು, ಆಸ್ಟ್ರೇಲಿಯಾದಂಥ ದೂರದ ದೇಶಗಳಿಂದ ಅದನ್ನು ಸಕಾಲಕ್ಕೆ ಹಿಂದಿರುಗಿಸುವುದು ಆಗದ ಮಾತಾಯಿತು. ಹೀಗಾಗಿ ತಿಳಿದವರು ಬ್ರಿಟನ್ನಿನಲ್ಲಿರುವ ನಂಬಿಕಸ್ಥರ ಹೆಸರು ಕೊಟ್ಟು ತಮ್ಮ ಪರವಾಗಿ ಮತ ಹಾಕಿಸುತ್ತಾರೆ. ಬಂದ ಮತಗಳೂ ಹೊರಟ ಊರಿನ ಲೆಕ್ಕದಲ್ಲಿ 650 ಕ್ಷೇತ್ರಗಳಿಗೆ ಹಂಚಿಹೋಗುತ್ತವೆ. ಇದಕ್ಕೆ ಫ್ರಾನ್ಸ್ ಬೇರೆ ದಾರಿ ಹಿಡಿದಿದೆ. 2012ರಿಂದ ಅದರ ಸಂಸತ್ತಿನಲ್ಲಿ ಹೊರದೇಶದ ಫ್ರೆಂಚರಿಗೆಂದೇ 11 ಸ್ಥಾನಗಳಿವೆ. ಲಂಡನ್ನಿನಲ್ಲಿರುವ ಫ್ರೆಂಚರಿಗೆ ತಮ್ಮದೇ ಪ್ರತಿನಿಧಿ ಇದ್ದಾರೆ. ಪ್ಯಾರಿಸ್‌ನಲ್ಲಿರುವ ಬ್ರಿಟಿಷರಿಗೆ ಅಂಥವರಿಲ್ಲ. ಯಾವ ಸಂಸದರ ಕ್ಷೇತ್ರದಲ್ಲೂ ಅವರ ಮತ ಗೆಲುವು–ಸೋಲನ್ನು ತೀರ್ಮಾನಿಸುವಷ್ಟು ಸೇರುವುದಿಲ್ಲ. ಪಿಂಚಣಿ ಹೆಪ್ಪುಗಟ್ಟಿದಲ್ಲೇ ಇರುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಹೊರದೇಶದ ಭಾರತೀಯರ ಸ್ಥಿತಿ ಇನ್ನೂ ಬಿಗಿಯಾದದ್ದು ಎಂಬುದನ್ನೂ ಹೇಳಬೇಕು: 2011ರಿಂದ ಅವರು ಮತದಾರರ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ಸ್ವತಃ ಊರಿಗೆ ಬರಬೇಕು.

ಈಗ ಸ್ಪೇನಿಗೆ ಬರೋಣ. ಯುರೋಪಿನ ಮುಖ್ಯಭೂಮಿಯಲ್ಲಿ ಬ್ರಿಟಿಷರು ಅತಿ ಹೆಚ್ಚು ನೆಲೆಸಿರುವ ದೇಶ ಇದು. ಅಲಿಕಾಂತೆ ಮತ್ತು ಮಾಲಗಾ ಪ್ರಾಂತಗಳ ಕರಾವಳಿಯಲ್ಲಿ ಬ್ರಿಟಿಷ್ ವೃದ್ಧರ ಬಡಾವಣೆಗಳೇ ಇವೆ. 1960ರ ದಶಕದಲ್ಲಿ ಅಗ್ಗದ ವಿಮಾನ ಪ್ರವಾಸದೊಂದಿಗೆ ಶುರುವಾದ ನಂಟು ಮನೆ ಕೊಳ್ಳುವ ಮಟ್ಟಕ್ಕೆ ಬೆಳೆದದ್ದು ಮುಖ್ಯವಾಗಿ ಎರಡು ಬದಲಾವಣೆಗಳಿಂದ. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ವಿದೇಶಿ ವಿನಿಮಯದ ನಿರ್ಬಂಧಗಳನ್ನು ತೆಗೆದುಹಾಕಿತು, ಪೌಂಡುಗಳನ್ನು ಹೊರಗೆ ಒಯ್ಯುವುದು ಸಲೀಸಾಯಿತು. 1986ರಲ್ಲಿ ಸ್ಪೇನ್ ಐರೋಪ್ಯ ಸಮುದಾಯ ಸೇರಿತು. ಬ್ರಿಟನ್ನಿನಲ್ಲಿ ಸಾಧಾರಣ ಮನೆ ಮಾರಿದರೆ ಸ್ಪೇನಿನಲ್ಲಿ ಕಡಲು ಕಾಣುವ ಮನೆ, ಜೊತೆಗೆ ಒಂದಿಷ್ಟು ಉಳಿತಾಯ. ಸಂಧಿವಾತದ ನೋವಿಗೆ ಬಿಸಿಲು. ಚಿಕಿತ್ಸೆಯ ಖರ್ಚನ್ನು ‘ಎಸ್‌1’ ಎಂಬ ನಮೂನೆಯ ಮೂಲಕ ಬ್ರಿಟನ್ ಭರಿಸುತ್ತದೆ. ದುಡಿಯುವ ವರ್ಗದ ಜನರಿಗೆ ನೆಮ್ಮದಿಯ ಮುಪ್ಪನ್ನು ಕೈಗೆಟುಕಿಸಿದ ಏರ್ಪಾಟು ಇದು. ಇದನ್ನು ಹಣವಂತರ ವಿಲಾಸ ಎಂದುಕೊಂಡರೆ ಆ ಕರಾವಳಿಯ ಬ್ರಿಟಿಷರು ಅರ್ಥವಾಗುವುದಿಲ್ಲ.

ಬ್ರೆಕ್ಸಿಟ್ ಇವರನ್ನು ಎರಡಾಗಿ ಸೀಳಿತು. 2020ರ ಡಿಸೆಂಬರ್ 31ಕ್ಕೆ ಮುನ್ನ ಕಾನೂನುಬದ್ಧವಾಗಿ ವಾಸಿಸುತ್ತಿದ್ದವರ ಹಕ್ಕುಗಳನ್ನು ನಿರ್ಗಮನ ಒಪ್ಪಂದ ಕಾಪಾಡಿತು: ವಾಸ, ಕೆಲಸ, ಚಿಕಿತ್ಸೆ, ಪಿಂಚಣಿಯ ಏರಿಕೆ ಎಲ್ಲವೂ ಉಳಿದವು. ಸ್ಪೇನ್ ಅವರಿಗೆ ‘ಟಿಐಇ’ ಎಂಬ ಹೊಸ ಗುರುತಿನ ಚೀಟಿ ಕೊಟ್ಟಿತು. ಆದರೆ ಅದುವರೆಗೆ ಅನೇಕರು ಎಲ್ಲಿಯೂ ನೋಂದಾಯಿಸಿಕೊಳ್ಳದೆ ವರ್ಷದ ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂದು ಬದುಕಿದ್ದರು. ಅವರು ಒಂದೇ ದಿನದಲ್ಲಿ ಪ್ರವಾಸಿಗಳಾದರು. ಪ್ರವಾಸಿಗಳಿಗೆ ಇರುವುದು 180 ದಿನಗಳಲ್ಲಿ 90 ದಿನ.

ಈ ಲೆಕ್ಕ ಬಹಳ ಜನರನ್ನು ಗೊಂದಲಕ್ಕೆ ತಳ್ಳುತ್ತದೆ, ಆದ್ದರಿಂದ ಉದಾಹರಣೆ ಕೊಡುತ್ತೇನೆ. ಅಧಿಕ ವರ್ಷವಲ್ಲದ ಒಂದು ವರ್ಷ ಜನವರಿ 1ರಂದು ಸ್ಪೇನಿಗೆ ಬಂದವರು ಸತತವಾಗಿ ಉಳಿದರೆ ಮಾರ್ಚ್ 31ಕ್ಕೆ 90 ದಿನ ಮುಗಿಯುತ್ತದೆ. ಬಂದ ದಿನವೂ ಹೋದ ದಿನವೂ ಲೆಕ್ಕಕ್ಕೆ ಸೇರುತ್ತವೆ. ಅವರು ಮತ್ತೆ ಕಾಲಿಡಬಹುದಾದದ್ದು ಜೂನ್ 30ರಂದು. ಏಕೆಂದರೆ ಸ್ಪೇನಿನಲ್ಲಿರುವ ಪ್ರತಿ ದಿನವೂ ಅಂದಿನಿಂದ ಹಿಂದಿನ 180 ದಿನಗಳನ್ನು ಎಣಿಸಬೇಕು, ಅವುಗಳಲ್ಲಿ 90ಕ್ಕಿಂತ ಹೆಚ್ಚು ದಿನ ಒಳಗಿರಬಾರದು. ಲೆಕ್ಕ ಸ್ಪೇನಿಗೆ ಮಾತ್ರ ಸೀಮಿತವಲ್ಲ, ಒಳಗಡೆ ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ‘ಷೆಂಗೆನ್’ ವಲಯದ ಎಲ್ಲ ದೇಶಗಳನ್ನೂ ಕೂಡಿಸಿ. ನಡುವೆ ವಾರದ ಮಟ್ಟಿಗೆ ಇಟಲಿಗೆ ಹೋಗಿಬಂದರೆ ಅದೂ ಕಳೆಯುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಚಳಿಗಾಲವನ್ನು ಸ್ವಂತ ಮನೆಯಲ್ಲಿ ಕಳೆಯುತ್ತಿದ್ದವರಿಗೆ ಇನ್ನು ಅದು ಸಾಧ್ಯವಿಲ್ಲ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖದ ಚಿತ್ರ ಪಡೆದು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಶುರುವಾಯಿತು. ಮುದ್ರೆಗಳನ್ನು ಎಣಿಸುವಾಗ ಅಧಿಕಾರಿಗಳ ಕಣ್ಣು ತಪ್ಪಬಹುದಿತ್ತು, ಯಂತ್ರದ ಎಣಿಕೆ ತಪ್ಪುವುದಿಲ್ಲ.

ಇಲ್ಲಿಂದಲೇ ಅಭಿಪ್ರಾಯಗಳು ಕವಲೊಡೆಯುತ್ತವೆ. ಗುರುತಿನ ಚೀಟಿ ಸಿಕ್ಕವರಿಗೆ ಇದು ಮುಗಿದ ಅಧ್ಯಾಯ. ಅವರು ಸ್ಪೇನಿನ ತೆರಿಗೆ, ನೀರಿನ ಅಭಾವ, ಊರಿನ ಚುನಾವಣೆಯ ಬಗ್ಗೆ ಮಾತನಾಡುತ್ತಾರೆ. 2019ರ ದ್ವಿಪಕ್ಷೀಯ ಒಪ್ಪಂದದಿಂದಾಗಿ ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕೂ ಅವರಿಗಿದೆ. ಮನೆಯಿದ್ದೂ ಚೀಟಿ ಇಲ್ಲದವರು ತೊಂಬತ್ತನ್ನು ನೂರ ಎಂಬತ್ತು ಮಾಡಿ ಎಂದು ಕೇಳುತ್ತಲೇ ಇದ್ದಾರೆ. ಫ್ರಾನ್ಸಿನಲ್ಲಿ ಆ ಬೇಡಿಕೆ ಗೆಲುವಿನ ಹತ್ತಿರಕ್ಕೂ ಹೋಗಿತ್ತು. ಅಲ್ಲಿ ಮನೆ ಇರುವ ಬ್ರಿಟಿಷರಿಗೆ ದೀರ್ಘ ವಾಸದ ವೀಸಾ ತಾನಾಗಿ ಸಿಗುವಂತೆ ವಲಸೆ ಕಾನೂನಿನಲ್ಲಿ ಒಂದು ತಿದ್ದುಪಡಿ ಸೇರಿತ್ತು. 2024ರ ಜನವರಿಯಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿ ಅದನ್ನು ತೆಗೆದುಹಾಕಿತು. ಸ್ಪೇನಿನ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಬಾಡಿಗೆ ಏರಿ ಸ್ಥಳೀಯ ಯುವಕರಿಗೆ ಮನೆ ಸಿಗದಂತಾಗಿ 2024ರಲ್ಲಿ ಕ್ಯಾನರಿ ದ್ವೀಪಗಳಲ್ಲಿ, ಮಯೋರ್ಕಾದಲ್ಲಿ, ಬಾರ್ಸಿಲೋನಾದಲ್ಲಿ ಜನ ಬೀದಿಗಿಳಿದರು. 2025ರ ಜನವರಿಯಲ್ಲಿ ಪ್ರಧಾನಿ ಪೆದ್ರೊ ಸಾಂಚೆಸ್ ಒಕ್ಕೂಟದ ಹೊರಗಿನ, ಸ್ಪೇನಿನಲ್ಲಿ ವಾಸಿಸದ ಖರೀದಿದಾರರಿಗೆ ಮನೆಯ ಬೆಲೆಯ ಶೇ 100ರವರೆಗೆ ತೆರಿಗೆ ಹಾಕುವ ಪ್ರಸ್ತಾಪ ಮುಂದಿಟ್ಟರು. ಮನೆಗೆ ಹಣ ಹೂಡಿದವರಿಗೆ ವಾಸದ ಪರವಾನಗಿ ಕೊಡುವ ಯೋಜನೆ ಅದೇ ವರ್ಷದ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಮನೆಯಿಲ್ಲದ ಸ್ಪೇನಿನ ಯುವಕರ ಸಿಟ್ಟು ನ್ಯಾಯವಾದದ್ದು. ಮೂವತ್ತು ವರ್ಷದ ಹಿಂದೆ ಬಂದು ನೆರೆಯವರೊಂದಿಗೆ ಬೆರೆತು ಬಾಳಿದ ವೃದ್ಧರಿಗೆ ಹೊರಗಿನವರ ವಿರುದ್ಧದ ಗೋಡೆಬರಹ ನೋವು ಕೊಡುವುದೂ ಸಹಜವೇ.

ಸ್ಪೇನಿನಲ್ಲಿದ್ದೂ ಒಕ್ಕೂಟದಿಂದ ಹೊರಬರುವ ಪರ ಮತ ಹಾಕಿದ ಬ್ರಿಟಿಷರು ಇದ್ದರು ಎಂದರೆ ಹಲವರಿಗೆ ನಂಬಲಾಗುವುದಿಲ್ಲ. ಅವರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ, ತಿಳಿದುಕೊಳ್ಳುವುದು ಲೇಸು. ಬ್ರಿಟನ್ನಿನ ಕಾನೂನು ಬ್ರಿಟನ್ನಿನಲ್ಲೇ ಆಗಬೇಕೆಂಬ ನಿಲುವು ಅವರಲ್ಲಿ ಹಲವರಿಗೆ ಪ್ರಾಮಾಣಿಕವಾದದ್ದು. ತಾವು ಈಗಾಗಲೇ ನೆಲೆಸಿರುವುದರಿಂದ ತಮ್ಮ ಬದುಕಿಗೆ ಏನೂ ಆಗದು ಎಂಬ ನಂಬಿಕೆಯೂ ಇತ್ತು. ಅವರ ಸುದ್ದಿಯ ಬಾವಿ ಬ್ರಿಟನ್ನಿನದೇ ಆಗಿತ್ತು ಎಂಬುದನ್ನೂ ಗಮನಿಸಬೇಕು. ದಕ್ಷಿಣ ಸ್ಪೇನಿನ ಮನೆಗಳ ಮೇಲೆ ದೊಡ್ಡ ದೊಡ್ಡ ಡಿಶ್‌ಗಳು ನಿಂತಿದ್ದವು; 2014ರ ಫೆಬ್ರುವರಿಯಲ್ಲಿ ಬಿಬಿಸಿ ಮುಂತಾದ ವಾಹಿನಿಗಳು ಹೊಸ ಉಪಗ್ರಹಕ್ಕೆ ಹೋಗಿ ಅದರ ಕಿರಣ ಬ್ರಿಟನ್ನಿನ ಮೇಲೆ ಮಾತ್ರ ಬೀಳುವಂತಾದಾಗ ಸಾವಿರಾರು ಮನೆಗಳಲ್ಲಿ ಪರದೆ ಖಾಲಿಯಾಯಿತು. ಜನ ಅಂತರ್ಜಾಲದ ಮೂಲಕ ಅದೇ ವಾಹಿನಿಗಳಿಗೆ ಮರಳಿದರು. ಕಣ್ಣೆದುರಿಗೆ ಸ್ಪೇನಿನ ಊರು, ಕಿವಿಗೆ ಬ್ರಿಟನ್ನಿನ ಚರ್ಚೆ. ತಾವಿರುವ ದೇಶದ ಸುದ್ದಿ ತಿಳಿಯಲು ಭಾಷೆ ಬೇಕು, ಅರವತ್ತೈದರಲ್ಲಿ ಹೊಸ ಭಾಷೆ ಕಲಿಯುವುದು ಎಲ್ಲರಿಗೂ ಆಗುವುದಿಲ್ಲ.

ಸಣ್ಣ ಸಂಗತಿಗಳು ದೊಡ್ಡ ಕಹಿಯನ್ನು ಹೇಗೆ ಹುಟ್ಟಿಸುತ್ತವೆ ಎಂಬುದಕ್ಕೆ ಚಾಲನಾ ಪರವಾನಗಿಯ ಕಥೆ ಸಾಕು. ಎರಡು ದೇಶಗಳ ಮಾತುಕತೆ ಮುಗಿಯದ್ದರಿಂದ 2022ರ ಮೇ 1ರಿಂದ ಸ್ಪೇನಿನ ನಿವಾಸಿಗಳು ಬ್ರಿಟಿಷ್ ಪರವಾನಗಿಯಲ್ಲಿ ಕಾರು ಓಡಿಸುವಂತಿರಲಿಲ್ಲ. ಒಪ್ಪಂದ ಜಾರಿಗೆ ಬಂದದ್ದು 2023ರ ಮಾರ್ಚ್ 16ರಂದು. ನಡುವಿನ ಹತ್ತೂವರೆ ತಿಂಗಳು ಬಸ್ಸಿಲ್ಲದ ಬೆಟ್ಟದ ಹಳ್ಳಿಗಳಲ್ಲಿರುವ ವೃದ್ಧರು ಔಷಧಿಗೂ ತರಕಾರಿಗೂ ನೆರೆಯವರನ್ನು ಅವಲಂಬಿಸಬೇಕಾಯಿತು. ಇನ್ನೊಂದು ಉದಾಹರಣೆ ಚಳಿಗಾಲದ ಉರುವಲು ಭತ್ಯೆಯದು. 2015ರ ಚಳಿಗಾಲದಿಂದ ಬ್ರಿಟನ್ ಅದನ್ನು ಬೆಚ್ಚನೆಯ ದೇಶಗಳಲ್ಲಿರುವವರಿಗೆ ನಿಲ್ಲಿಸಿತು. ಇಂಗ್ಲೆಂಡಿನ ನೈಋತ್ಯ ಭಾಗದ ಚಳಿಗಾಲದ ಸರಾಸರಿ ಉಷ್ಣಾಂಶವಾದ 5.6 ಡಿಗ್ರಿಯನ್ನು ಅಳತೆಗೋಲಾಗಿ ಇಟ್ಟುಕೊಂಡರು. ಫ್ರಾನ್ಸಿನ ಸರಾಸರಿಗೆ ಕೆರಿಬಿಯನ್ ಮತ್ತು ಹಿಂದೂ ಮಹಾಸಾಗರದಲ್ಲಿರುವ ಅದರ ಉಷ್ಣವಲಯದ ದ್ವೀಪಗಳನ್ನೂ ಸೇರಿಸಿದ್ದರಿಂದ ಫ್ರಾನ್ಸ್ ಬೆಚ್ಚನೆಯ ದೇಶವಾಯಿತು. ಆಲ್ಪ್ಸ್ ಪರ್ವತಗಳಿಂದಾಗಿ ಇಟಲಿ ತಣ್ಣಗಿನ ದೇಶವಾಗಿ ಉಳಿಯಿತು. ಮಂಜು ಬೀಳುವ ಫ್ರೆಂಚ್ ಹಳ್ಳಿಯಲ್ಲಿರುವವರಿಗೆ ಭತ್ಯೆ ನಿಂತಿತು, ದಕ್ಷಿಣ ಇಟಲಿಯವರಿಗೆ ಮುಂದುವರಿಯಿತು. ಮೊತ್ತ ದೊಡ್ಡದಲ್ಲ. ಆದರೆ ಲಂಡನ್ನಿನ ಕಚೇರಿಯಲ್ಲಿ ಕುಳಿತವರು ತಮ್ಮನ್ನು ಮನುಷ್ಯರಾಗಿ ನೋಡುತ್ತಿಲ್ಲ ಎಂಬ ಭಾವನೆ ಇಂಥ ಲೆಕ್ಕಗಳಿಂದಲೇ ಗಟ್ಟಿಯಾಗುತ್ತದೆ.

ದುಬೈಯ ಬ್ರಿಟಿಷರ ಮಾತಿನ ಧಾಟಿ ಪೂರ್ತಿ ಬೇರೆ, ಕಾರಣವೂ ಸ್ಪಷ್ಟ. ಅವರು ದುಡಿಯುವ ವಯಸ್ಸಿನವರು, ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಬ್ರಿಟನ್ನಿನ ಸುದ್ದಿಯಲ್ಲಿ ಅವರ ಕಣ್ಣಿಗೆ ಮೊದಲು ಬೀಳುವುದು ತೆರಿಗೆ. ವಾಸದ ಪರವಾನಗಿ ಬಹುತೇಕ ನೌಕರಿಗೆ ಅಂಟಿಕೊಂಡಿರುವುದರಿಂದ ಇರುವ ದೇಶದ ಬಗ್ಗೆ ಅವರು ಬಹಿರಂಗವಾಗಿ ಹೇಳುವುದು ಕಡಿಮೆ.

ಎಲ್ಲ ಕಡೆಯವರನ್ನೂ ಕೊನೆಗೆ ಕಾಡುವ ಪ್ರಶ್ನೆ ಮರಳುವುದು. ಸ್ಪೇನಿನ ಆಸ್ಪತ್ರೆಗಳು ಚೆನ್ನಾಗಿವೆ, ಆದರೆ ಆಸ್ಪತ್ರೆಯಿಂದ ಬಂದ ಮೇಲೆ ವೃದ್ಧರನ್ನು ಮಗಳೋ ಸೊಸೆಯೋ ನೋಡಿಕೊಳ್ಳುತ್ತಾರೆ ಎಂಬ ಎಣಿಕೆಯ ಮೇಲೆ ಅಲ್ಲಿನ ವ್ಯವಸ್ಥೆ ನಿಂತಿದೆ. ಬ್ರಿಟಿಷ್ ದಂಪತಿಯ ಮಕ್ಕಳು ಲೀಡ್ಸ್‌ನಲ್ಲೋ ಗ್ಲಾಸ್ಗೋದಲ್ಲೋ ಇರುತ್ತಾರೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ, ಅಥವಾ ಮರೆವಿನ ಕಾಯಿಲೆ ಹಿಡಿದು ಕಲಿತಿದ್ದ ಅಷ್ಟಿಷ್ಟು ಸ್ಪ್ಯಾನಿಷ್ ಮರೆತುಹೋದಾಗ, ಉಳಿದವರಿಗೆ ಊರು ನೆನಪಾಗುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆ ವಾಸವನ್ನು ಆಧರಿಸಿದ್ದು, ಎಷ್ಟು ವರ್ಷ ತೆರಿಗೆ ಕಟ್ಟಿದ್ದರು ಎಂಬುದು ಅದಕ್ಕೆ ಬೇಕಿಲ್ಲ. ನೆಲೆಸಲೆಂದು ಮರಳಿದವರಿಗೆ ಮೊದಲ ದಿನದಿಂದಲೇ ಚಿಕಿತ್ಸೆ ಉಚಿತ. ನೋಡಿ ಹೋಗಲು ಬಂದ ಹೊರದೇಶದ ಬ್ರಿಟಿಷರು ಆಸ್ಪತ್ರೆಯಲ್ಲಿ ಅನೇಕ ಚಿಕಿತ್ಸೆಗಳಿಗೆ ಹಣ ತೆರಬೇಕಾಗಬಹುದು. ಹೆಪ್ಪುಗಟ್ಟಿದ ಪಿಂಚಣಿಯೂ ಮರಳಿ ನೆಲೆಸಿದ ಕೂಡಲೇ ಇಂದಿನ ದರಕ್ಕೆ ಏರುತ್ತದೆ.

ಬ್ರಿಟಿಷ್ ಪೌರತ್ವ ಇಲ್ಲದ ಸಂಗಾತಿ ಇದ್ದವರಿಗೆ ಮಾತ್ರ ಈ ದಾರಿಯಲ್ಲಿ ಇನ್ನೊಂದು ಅಡ್ಡಿಯಿದೆ. 2012ರಿಂದ ಬ್ರಿಟನ್ ಸಂಗಾತಿಯ ವೀಸಾಕ್ಕೆ ವರಮಾನದ ಕನಿಷ್ಠ ಮಿತಿ ಇಟ್ಟಿದೆ. ಮೊದಲು ವರ್ಷಕ್ಕೆ 18,600 ಪೌಂಡ್ ಇದ್ದದ್ದು 2024ರ ಏಪ್ರಿಲ್ 11ರಿಂದ 29,000 ಆಗಿದೆ. ಯುರೋಪಿನಲ್ಲಿ ನೆಲೆಸಿದ್ದವರಿಗೆ ಹಿಂದೆ ಇದರಿಂದ ಪಾರಾಗುವ ದಾರಿಯಿತ್ತು, ಅದಕ್ಕೆ ಸುರಿಂದರ್ ಸಿಂಗ್ ಎಂಬ ಭಾರತೀಯರ ಹೆಸರು. ಬ್ರಿಟಿಷ್ ಮಹಿಳೆಯನ್ನು ಮದುವೆಯಾಗಿ ಇಬ್ಬರೂ ಜರ್ಮನಿಯಲ್ಲಿ ದುಡಿದು ಮರಳಿದ್ದ ಅವರ ಮೊಕದ್ದಮೆಯಲ್ಲಿ ಐರೋಪ್ಯ ನ್ಯಾಯಾಲಯ 1992ರಲ್ಲಿ ಒಂದು ತತ್ವ ಎತ್ತಿಹಿಡಿಯಿತು: ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತಾಯ್ನಾಡಿಗೆ ಹಿಂದಿರುಗುವವರು ತಮ್ಮ ಸಂಗಾತಿಯನ್ನೂ ಐರೋಪ್ಯ ನಿಯಮದಂತೆ ಕರೆತರಬಹುದು. ಬ್ರೆಕ್ಸಿಟ್ ನಂತರವೂ ಕೆಲಕಾಲ ತೆರೆದಿದ್ದ ಆ ದಾರಿ ಹೊಸಬರಿಗೆ 2022ರ ಮಾರ್ಚ್ 29ಕ್ಕೆ ಬಹುಮಟ್ಟಿಗೆ ಮುಚ್ಚಿತು. ಈಗ ಹಾಗೆ ಮರಳುವವರು ಕನಿಷ್ಠ 29,000 ಪೌಂಡ್ ವರಮಾನ ತೋರಿಸಬೇಕು, ಇಲ್ಲವೇ ಆರು ತಿಂಗಳು ಕೈಯಲ್ಲಿದ್ದ 88,500 ಪೌಂಡ್ ಉಳಿತಾಯ. ಪಿಂಚಣಿಯನ್ನು ವರಮಾನವೆಂದು ಎಣಿಸುತ್ತಾರೆ. 2025–26ರಲ್ಲಿ ಹೊಸ ವ್ಯವಸ್ಥೆಯ ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡ್, ಅಂದರೆ ವರ್ಷಕ್ಕೆ ಸುಮಾರು 12,000. ಸರ್ಕಾರಿ ಪಿಂಚಣಿಯೊಂದನ್ನೇ ನಂಬಿದವರಿಗೆ, ಅದು ಒಂದು ಪೆನ್ನಿಯೂ ಕಡಿಮೆಯಾಗದೆ ಪೂರ್ತಿ ಬಂದರೂ, ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಊರಿಗೆ ಮರಳಲು ಆ ವರ್ಷದ ಲೆಕ್ಕದಲ್ಲಿ ಇನ್ನೂ ಸುಮಾರು 17,000 ಪೌಂಡ್ ಬೇಕಿತ್ತು.